ಕೈ ಎಲ್ಲೇ?

ಹೊಗಳುವವರನ್ನು ಕಂಡರೆ ಸೈರನಕ್ಕನಿಗೆ ಆಗಿಬರುತ್ತಿರಲಿಲ್ಲ. ಬೈಗುಳ ತಿಂದೇ ದುಡಿದವಳು ಅವಳು. ಬೈಯುವವನಿಗೆ ಏನು ಬೇಕೆಂದು ಗೊತ್ತಿರುತ್ತದೆ. ಕೆಲಸ ಬೇಕು, ಬೈಯುತ್ತಾನೆ. ಹೊಗಳುವವನಿಗೆ ಏನು ಬೇಕೆಂಬುದು ಆಮೇಲೆ ತಿಳಿಯುತ್ತದೆ. ಅಷ್ಟರಲ್ಲಿ ಅವನು ಅದನ್ನು ತೆಗೆದುಕೊಂಡು ಹೋಗಿರುತ್ತಾನೆ.

ಅದಕ್ಕೇ ಆ ದಿನ ಲಾಂಡ್ರಿಯೊಳಗೆ ಬಂದ ಮೇಡಂ ಮೂಗಿಗೆ ಕರವಸ್ತ್ರ ಹಿಡಿದುಕೊಂಡು “ನಿಮ್ಮ ದನಿ ಬಹಳ ಅಪರೂಪದ್ದು ಕಣಮ್ಮ” ಎಂದಾಗ ಅವಳು ಮೊದಲು ನೋಡಿದ್ದು ಅವರ ಕೈಯಲ್ಲಿ ಕಾಗದವೇನಾದರೂ ಇದೆಯೇ ಎಂದು.

“ಹೋದ ವರ್ಷ ನಿಮ್ಮ ಹಿಂದಿನ ರಸ್ತೆಯಲ್ಲಿ ನಡ್ಕೊಂಡು ಹೋಗ್ತಿದ್ದೆ. ಈ ಕಿಟಕಿಯಿಂದ ನಿಮ್ಮ ಹಾಡು ಕೇಳಿಸ್ತು. ಅಲ್ಲೇ ನಿಂತುಬಿಟ್ಟೆ. ಮೈ ಝುಂ ಅಂತು.”

“ಅದು ಹಾಡಲ್ಲ ಮೇಡಂ.”

“ನಿಮಗೆ ಹಾಗನ್ಸುತ್ತೆ. ನಿಜವಾದ ಕಾವ್ಯ ಅಂದ್ರೆ ಅದೇ. ಮುಂದಿನ ಭಾನುವಾರ ನಮ್ಮ ಕವಿಗೋಷ್ಠಿ ಇದೆ. ‘ಎಲ್ಲರ ದನಿ’ ಅಂತ ಹೆಸರು. ಟ್ಯಾಕ್ಸಿ ಓಡಿಸೋರು ಬರ್ತಾರೆ, ದರ್ಜಿ ಬರ್ತಾರೆ, ನರ್ಸು, ಪ್ರೊಫೆಸರು, ಎಲ್ಲಾ ಒಂದೇ ವೇದಿಕೆ ಮೇಲೆ. ನೀವೂ ಬರ್ಬೇಕು. ನಿಮ್ಮ ಓನರ್ ಹತ್ರ ಮಾತಾಡಿದೀನಿ. ಖುಷಿಯಿಂದ ಒಪ್ಕೊಂಡ್ರು.”

ಓನರ್ ಖುಷಿಯಿಂದ ಒಪ್ಪಿದ ಯಾವ ಕೆಲಸವೂ ಇದುವರೆಗೆ ಅವಳ ಮೈಗೆ ಒಳ್ಳೆಯದು ಮಾಡಿರಲಿಲ್ಲ. ಅವಳು ಒದ್ದೆ ಹಾಸು ಎತ್ತಿ ರೋಲರ್ ಬಾಯಿಗೆ ಕೊಟ್ಟಳು. ಬಿಸಿ ಆವಿ ಬುಸ್ಸೆಂದು ಎದ್ದಿತು. ಕವಿತೆ ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು. ಕವಿತೆ ಮೇಡಂ ಎಂದು ಹೆಸರಿಟ್ಟವರು ಲಾಂಡ್ರಿ ಹೆಂಗಸರೇ, ಅವರು ಗೇಟು ದಾಟುವ ಮೊದಲೇ.

ಆಸ್ಪತ್ರೆಗಳ ಹಾಸು, ಹೋಟೆಲುಗಳ ಹಾಸು, ಎಲ್ಲವೂ ಈ ಲಾಂಡ್ರಿಗೇ ಬರುತ್ತಿತ್ತು. ರಕ್ತ, ಕೀವು, ವಾಂತಿ, ಸಾರಾಯಿ, ಯಾರದೋ ತುಟಿಯ ಬಣ್ಣ. ಒಗೆಯುವುದು ಒಂದು ಕಡೆ. ಒಗೆದದ್ದನ್ನು ಒಣಗಿಸಿ ಇಸ್ತ್ರಿ ಮಾಡುವ ರೋಲರ್ ಇನ್ನೊಂದು ಕಡೆ. ಆಳೆತ್ತರದ ಕಬ್ಬಿಣದ ಉರುಳೆ, ಒಳಗೆ ಕುದಿಯುವ ಆವಿ. ಇಬ್ಬರು ಹೆಂಗಸರು ಒದ್ದೆ ಹಾಸಿನ ಎರಡು ಮೂಲೆ ಹಿಡಿದು, ಎಳೆದು, ಸುಕ್ಕಿಲ್ಲದಂತೆ ಅದರ ಬಾಯಿಗೆ ಕೊಡಬೇಕು. ಒಬ್ಬಳ ಕಾಲ ಕೆಳಗೆ ಪೆಡಲ್. ಒತ್ತಿದರೆ ಉರುಳೆ ಹಾಸನ್ನು ಒಳಗೆಳೆಯುತ್ತದೆ. ಅದಕ್ಕೆ ಹಾಸು ಯಾವುದು, ಕೈ ಯಾವುದು ಗೊತ್ತಿಲ್ಲ.

ಪೆಡಲ್ ಮೇಲೆ ಸೈರನಕ್ಕ. ಆಚೆ ತುದಿಯಲ್ಲಿ ಅವಳ ನಾದಿನಿ. ಹನ್ನೆರಡು ವರ್ಷ ಒಂದೇ ಜೋಡಿ. ಮಿಷನ್ನಿನ ಸದ್ದಿಗೆ ಪಕ್ಕದವರು ಸತ್ತರೂ ಕೇಳದು. ಅದಕ್ಕೆ ಕೂಗು. ಪೆಡಲ್ ಒತ್ತುವ ಮೊದಲು ಇವಳು ಕೂಗಬೇಕು: “ಕೈ ಎಲ್ಲೇ?” ಕೈ ಹಿಂದಕ್ಕೆ ತೆಗೆದುಕೊಂಡು ಅವಳು ಕೂಗಬೇಕು: “ಕೈ ಇಲ್ಲೇ!” ಆ ಉತ್ತರ ಬಾರದೆ ಕಾಲು ಒತ್ತುವುದಿಲ್ಲ. ದಿನವಿಡೀ ಅದೇ. ದಿನವಿಡೀ ಅದನ್ನೇ ಕೂಗಿದರೆ ತಲೆ ಕೆಡುತ್ತದೆ, ಆದ್ದರಿಂದ ಅದರ ಮುಂದೊಂದು ಸಾಲು ಸೇರಿಕೊಂಡಿತು. ಸೇರಿಸುವುದರಲ್ಲಿ ಇವಳು ಎತ್ತಿದ ಕೈ. ಗಂಡಂದಿರು, ಅತ್ತೆಯರು, ಬೀದಿಯ ನಲ್ಲಿ, ಬಸ್ಸು, ಯಾರನ್ನೂ ಬಿಟ್ಟಿರಲಿಲ್ಲ.

“ಓನರ್ ಹೊಟ್ಟೆ ಬಾಗ್ಲು ದಾಟಿ ಅರ್ಧ ಗಂಟೆಗೆ ಓನರ್ ಬಂದ! ಕೈ ಎಲ್ಲೇ?”

“ಕೈ ಇಲ್ಲೇ!”

ಎಂಟು ರೋಲರುಗಳ ಸದ್ದನ್ನು ಸೀಳಿ ಹೋಗುತ್ತಿದ್ದ ಆ ಗಂಟಲಿಗೇ ಸೈರನ್ ಎಂಬ ಹೆಸರು ಬಿದ್ದದ್ದು.

ಓನರ್ ತನ್ನ ಕೋಣೆಯನ್ನು ಮೇಲಿನ ಮಹಡಿಗೆ ತಂದು ಗಾಜು ಹಾಕಿಸಿದ ಮೇಲೆ ಆ ಹೊಟ್ಟೆಯ ಸಾಲು ಅವನ ಕಿವಿಗೂ ಬಿತ್ತು. ಅದೂ ದೊಡ್ಡ ಹೋಟೆಲಿನವರು ಬಂದು ಕೂತಿದ್ದಾಗ. ಮರುದಿನದಿಂದ ಕೂಗು ಬಂದ್. ಇನ್ನು ಮೇಲೆ ಯಾರೂ ಬಾಯಿ ಬಿಡಕೂಡದು. ಸೂಪರ್‌ವೈಸರ್ ಕೊರಳಿಗೊಂದು ವಿಷಲ್ ಬಂತು. ಅವನು ಆಚೆ ಗೋಡೆಯ ಹತ್ತಿರ ನಿಂತು ಊದುತ್ತಾನೆ, ಎಂಟು ರೋಲರುಗಳೂ ಒಟ್ಟಿಗೆ ಒತ್ತಬೇಕು. ಕೆಲಸ ಬೇಗ ಆಗುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಅವನಿಗೆ ಅಂದೇ ಪೀಪಿ ಎಂದು ಹೆಸರಾಯಿತು.

ಮೂರನೇ ವಾರ ಪೀಪಿ ಊದಿದ. ಸೈರನಕ್ಕನ ಕಾಲು ಒತ್ತಿತು. ನಾದಿನಿ ಹಾಸಿನ ಮಡಿಕೆ ಬಿಡಿಸುತ್ತಿದ್ದಳು.

ಕಿರುಚಿದ್ದು ಮೊದಲು ಸೈರನಕ್ಕ. ಸುಟ್ಟ ವಾಸನೆ ಬಂದದ್ದು ಆಮೇಲೆ.

ಬಲಗೈಯ ನಾಲ್ಕು ಬೆರಳು ಹೋದವು. ಹೆಬ್ಬೆರಳೊಂದು ಉಳಿಯಿತು. ಅದನ್ನೂ ಒತ್ತಿಸಿಕೊಂಡು ಹೋಗಲು ಪೀಪಿ ಆಸ್ಪತ್ರೆಗೇ ಬಂದಿದ್ದ, ಕಾಗದ ಶಾಯಿ ಹಿಡಿದುಕೊಂಡು. ಹಾಡಿನ ಗುಂಗಿನಲ್ಲಿ ಮೈಮರೆತು ನಾನೇ ಕೈ ಹಾಕಿದೆ ಎಂದು ಒಪ್ಪಿಕೊಳ್ಳಬೇಕಂತೆ. ನಾದಿನಿ ಎಡಗೈಯಲ್ಲಿ ಶಾಯಿ ಡಬ್ಬಿ ಎತ್ತಿ ಅವನ ಅಂಗಿಗೆ ಎಸೆದಿದ್ದಳು. ಕಾರ್ಮಿಕ ಇಲಾಖೆಗೆ ದೂರು ಹೋಯಿತು. ಆಫೀಸರ್ ವಿಚಾರಣೆಗೆ ಬರುತ್ತಾರೆ, ಬರುತ್ತಾರೆ ಎನ್ನುತ್ತಲೇ ಮೂರು ತಿಂಗಳು ಕಳೆದಿತ್ತು. ಕೊನೆಗೆ ಒಂದು ಬುಧವಾರ ಗೊತ್ತಾಗಿತ್ತು, ಕವಿಗೋಷ್ಠಿಯ ಭಾನುವಾರ ಕಳೆದು ಮೂರು ದಿನಕ್ಕೆ. ಈಗ ಕವಿತೆ ಮೇಡಂ ಬಂದಿದ್ದರು.

ಮನೆ ಎಂದರೆ ಎರಡು ಕೋಣೆ. ಹೊರಗಿನದರಲ್ಲಿ ಸೈರನಕ್ಕ ಮತ್ತು ಗಂಡ. ಒಳಗಿನದರಲ್ಲಿ ಒಲೆ, ಪಾತ್ರೆ, ನಾದಿನಿ. ಮದುವೆ ಮುರಿದುಕೊಂಡು ಬಂದವಳು ಅಣ್ಣನ ಮನೆಯಲ್ಲಿ ಬಿಟ್ಟಿ ಕೂಳು ತಿನ್ನುತ್ತಾಳೆ ಎಂದು ಯಾರೂ ಅನ್ನಬಾರದೆಂದೇ ಲಾಂಡ್ರಿಗೆ ಸೇರಿದ್ದಳು. ಈಗ ಎಡಗೈಯಲ್ಲಿ ಕುಪ್ಪಸದ ಗುಂಡಿ ಹಾಕಲು ಕಲಿಯುತ್ತಿದ್ದಳು. ಅತ್ತಿಗೆ ಸಹಾಯಕ್ಕೆ ಬಂದರೆ ಕೆಕ್ಕರಿಸಿ ನೋಡುತ್ತಿದ್ದಳು.

“ಹಾಡೋಕೆ ಕರೆದಿದ್ದಾರೆ” ಎಂದಳು ಸೈರನಕ್ಕ.

“ಯಾರು?”

“ಯಾರೋ ಮೇಡಂ. ಕವಿಗೋಷ್ಠಿಯಂತೆ. ನಮ್ಮ ಕೂಗು ಬೇಕಂತೆ.”

ನಾದಿನಿಯ ಕೈ ಗುಂಡಿಯ ಮೇಲೆ ನಿಂತಿತು. “ಓನರ್‌ಗೆ ಗೊತ್ತಾ?”

“ಖುಷಿಯಿಂದ ಒಪ್ಪಿದ್ನಂತೆ.”

“ಹಂಗಾದ್ರೆ ಏನೋ ಇದೆ ಅತ್ತಿಗೆ. ಅವನು ಖುಷಿಯಾಗಿ ಒಂದು ಲೋಟ ನೀರು ಕೊಟ್ಟೋನಲ್ಲ.”

“ನಂಗೂ ಹಂಗೇ ಅನ್ಸಿದ್ದು.”

“ಮತ್ತೆ ಹೋಗ್ತೀಯಾ?”

“ಹೋಗಿ ನೋಡ್ತೀನಿ. ಹೋಗ್ದಿದ್ರೆ ಏನು ಬೇಯ್ಸ್ತಿದಾರೆ ಅಂತ ಹೆಂಗೆ ಗೊತ್ತಾಗುತ್ತೆ?”

ಗಂಡ ಹೊರಗಿನಿಂದ, “ಹೋಗಿ ಹಾಡಿ ಬಾರೇ, ನಾಲ್ಕು ಜನ ನೋಡ್ಲಿ” ಎಂದ. ಅಕ್ಕಿ ಮಂಡಿಯಲ್ಲಿ ಮೂಟೆ ಹೊರುವವನು. ಕೆಲಸ ಇದ್ದ ದಿನ ಕೂಲಿ, ಇಲ್ಲದ ದಿನ ಇಲ್ಲ. ನಾದಿನಿ ಅತ್ತಿಗೆಯ ಮುಖವನ್ನೇ ಬಹಳ ಹೊತ್ತು ನೋಡಿದಳು. ಆ ನೋಟ ಸೈರನಕ್ಕನಿಗೆ ಇಷ್ಟವಾಗಲಿಲ್ಲ. ಅದು ಕೊಳ್ಳುವ ಮೊದಲು ತರಕಾರಿ ತಿರುಗಿಸಿ ನೋಡುವವರ ನೋಟ.

ರಿಹರ್ಸಲ್ ಇದ್ದದ್ದು ಶುಕ್ರವಾರ ಮಧ್ಯಾಹ್ನ. ಅವಳಿಗೆ ಅರ್ಧ ದಿನ ರಜೆ ಕೊಟ್ಟರು. ಕೇಳದೆಯೇ ಕೊಟ್ಟರು. ಪೀಪಿ ತಾನೇ ಆಟೋ ಹತ್ತಿಸಿಕೊಂಡು ಹೋದ. ಬಾಣಂತಿಯನ್ನು ಇಳಿಸಿಕೊಳ್ಳುವಂತೆ ಅವಳನ್ನು ಜೋಪಾನವಾಗಿ ಇಳಿಸಿಕೊಂಡ. ಅವಳ ಗುಮಾನಿ ಇಮ್ಮಡಿಯಾಯಿತು.

ಸಭಾಂಗಣ ತಣ್ಣಗಿತ್ತು. ಕೆಂಪು ಕುರ್ಚಿಗಳು, ಮರದ ವೇದಿಕೆ, ಹಿಂದೆ ‘ಎಲ್ಲರ ದನಿ’ ಎಂದು ಬರೆದ ಬಟ್ಟೆ. ಬಟ್ಟೆಯ ಕೆಳಗೆ ಲಾಂಡ್ರಿಯ ಹೆಸರು, ಮೇಲಿನ ಅಕ್ಷರಕ್ಕಿಂತ ದೊಡ್ಡದಾಗಿ. ಹಾಲಿನ ಬಾಡಿಗೆ ಯಾರು ಕೊಟ್ಟರೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಕವಿತೆ ಮೇಡಂ ಓಡೋಡಿ ಬಂದರು. ಜೊತೆಗೊಬ್ಬಳು ನಾಟಕದ ಹುಡುಗಿ. ಅವಳೇ ಜೋಡಿಯಂತೆ. ಇಬ್ಬರ ಕೈಗೂ ಹೊಸ ಹಾಸಿನ ಎರಡು ತುದಿ ಕೊಟ್ಟರು. ಕಲೆಯಿಲ್ಲದ, ವಾಸನೆಯಿಲ್ಲದ ಹಾಸು.

“ಒಂಚೂರು ತಿದ್ದಿದೀನಿ ಅಷ್ಟೇ” ಎಂದರು ಮೇಡಂ. “ಆ ಹೊಟ್ಟೆ ಸಾಲು ಬೇಡ, ಮುಂದೆ ಕೂತಿರೋರಿಗೆ ಮುಜುಗರ. ಅದರ ಬದಲು ‘ಹಾಲ ಕೆನೆಯಂಥ ಹಾಸಿಗೆ, ಹಾಡುತ ಮಡಿಸುವ ಬಾರೆ’. ಚೆನ್ನಾಗಿದೆ ಅಲ್ವಾ? ‘ಕೈ ಎಲ್ಲೇ, ಕೈ ಇಲ್ಲೇ’ ಮಾತ್ರ ಹಂಗೇ ಇರ್ಲಿ. ಅದು ಜೀವ. ಆದ್ರೆ ಕಿರುಚ್ಬೇಡಿ. ಮೆಲ್ಲಗೆ, ಒಬ್ಬರನ್ನೊಬ್ಬರು ಪ್ರೀತಿಯಿಂದ ಹುಡುಕ್ತಿದ್ದ ಹಾಗೆ.”

ನಾಟಕದ ಹುಡುಗಿ ಕಣ್ಣು ಮುಚ್ಚಿ, ಕತ್ತು ವಾಲಿಸಿ, “ಕೈ ಇಲ್ಲೇ...” ಎಂದು ಎಳೆದಳು.

“ಹಾಂ, ಹಂಗೇ! ನೀವೂ ಕಣ್ಣು ಮುಚ್ಬೇಕಮ್ಮ. ಮೈಮರೆತು ಹಾಡ್ಬೇಕು. ಅದು ನಿಮ್ಮ ಓನರ್ ಸಲಹೆ. ಅವರಿಗೂ ಎಂಥಾ ಅಭಿರುಚಿ ನೋಡಿ. ಕೆಲಸ ಮಾಡ್ತಾ ಮಾಡ್ತಾ ಹಾಡಲ್ಲೇ ಮುಳುಗಿಹೋಗ್ತಾರೆ ಅನ್ನೋದು ಜನಕ್ಕೆ ಕಾಣ್ಬೇಕು ಅಂದ್ರು.”

ಮೈಮರೆತು. ಆ ಮಾತನ್ನು ಅವಳು ಎಲ್ಲೋ ಕೇಳಿದ್ದಳು. ಎಲ್ಲಿ ಎಂದು ನೆನಪಾಗುವಷ್ಟರಲ್ಲಿ ವೇದಿಕೆಯ ಮೇಲೆ ಕನ್ನಡಕದ ಒಬ್ಬರು ಬಂದು ನಿಂತು ತಮ್ಮ ಪದ್ಯ ಓದಿ ನೋಡಿದರು. ತಾಯಿಯ ಕೈ ಎಂದು ಪದ್ಯ. ಬೂದಿ ಬಳಿದ ಕೈ, ಬಿರುಕು ಬಿಟ್ಟ ಕೈ, ನನ್ನ ಹಣೆಯ ಮೇಲಿನ ಕೈ. ಓದುತ್ತ ಓದುತ್ತ ಅವರಿಗೇ ಕಣ್ಣೀರು ಬಂತು. ಕೆಳಗಿಳಿದಾಗ ಪೀಪಿ ಎರಡೂ ಕೈಯಲ್ಲಿ ಚಹಾ ಹಿಡಿದುಕೊಂಡು ಕಾಯುತ್ತಿದ್ದ. ಹೆಂಡತಿ ಹೆತ್ತಾಗಲೂ ಅವನು ಹಾಗೆ ನಿಂತಿರಲಿಕ್ಕಿಲ್ಲ.

“ಅವರು ಯಾರಮ್ಮ?” ಎಂದು ಸೈರನಕ್ಕ ನಾಟಕದ ಹುಡುಗಿಯನ್ನು ಕೇಳಿದಳು.

“ಗೊತ್ತಿಲ್ವಾ ಅಕ್ಕ? ಕಾರ್ಮಿಕ ಇಲಾಖೆ ಆಫೀಸರ್ರು. ತುಂಬಾ ಒಳ್ಳೆ ಕವಿ.”

ಅವಳ ಕೈಯಲ್ಲಿದ್ದ ಹಾಸಿನ ತುದಿ ಕೆಳಗೆ ಬಿತ್ತು. ನಾದಿನಿಯ ದೂರು ಇರುವುದು ಇವರ ಮೇಜಿನ ಮೇಲೆ. ಬುಧವಾರ ವಿಚಾರಣೆಗೆ ಬರುವವರು ಇವರೇ. ಭಾನುವಾರ ಇವರ ಕಣ್ಣೆದುರಿಗೆ ಅವಳು ಕಣ್ಣು ಮುಚ್ಚಿಕೊಂಡು, ಮೈಮರೆತು, ಕೈ ಎಲ್ಲೇ ಎಂದು ಹಾಡಬೇಕು. ಬುಧವಾರ ಓನರ್ ಹೇಳುತ್ತಾನೆ: ನೋಡಿದ್ರಲ್ಲ ಸಾರ್, ನಮ್ಮ ಹೆಂಗಸರು ಹೀಗೇ. ಹಾಡೋಕೆ ಶುರು ಮಾಡಿದ್ರೆ ಲೋಕದ ಪರಿವೆ ಇರಲ್ಲ. ಆಸ್ಪತ್ರೆಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳಲಾಗದ ಸುಳ್ಳನ್ನು ಇಲ್ಲಿ ಚಪ್ಪಾಳೆ ಹೊಡೆಸಿ ಒಪ್ಪಿಸಿಕೊಳ್ಳುತ್ತಾರೆ. ಕಾಗದ ಬೇಡ, ಶಾಯಿ ಬೇಡ. ಅವಳ ಗಂಟಲೇ ಸಾಕು.

ಅವಳು ಮೇಡಂ ಅವರನ್ನು ಮೂಲೆಗೆ ಕರೆದು ಎಲ್ಲ ಹೇಳಿದಳು. ಕೂಗು ನಿಲ್ಲಿಸಿದ್ದು, ವಿಷಲ್, ಪೆಡಲ್, ಬೆರಳು. ಮೇಡಂ ಕೇಳಿದರು. ಕಣ್ಣು ತೇವ ಮಾಡಿಕೊಂಡು ಕೇಳಿದರು. ಕೊನೆಗೆ ಅವಳ ಭುಜದ ಮೇಲೆ ಕೈಯಿಟ್ಟರು.

“ನಿಮ್ಮ ನೋವು ಅರ್ಥ ಆಗುತ್ತೆ ಕಣಮ್ಮ. ಆದ್ರೆ ಎಲ್ಲದರಲ್ಲೂ ಸಂಚು ಹುಡುಕ್ಬಾರ್ದು. ಆಫೀಸರು ಎಷ್ಟೋ ವರ್ಷದಿಂದ ನಮ್ಮ ಗೋಷ್ಠಿಗೆ ಬರೋರು. ಓನರು ಒಳ್ಳೆ ಮನಸ್ಸಿಂದ ಸಹಾಯ ಮಾಡಿದಾರೆ. ಆ ಜಗಳ ಬೇರೆ, ಕಾವ್ಯ ಬೇರೆ. ಇಲ್ಲಿಗೆ ಅದನ್ನ ತರಬೇಡಿ.”

“ನಮ್ಮ ಕೂಗು ತಂದಿದೀರಲ್ಲ ಮೇಡಂ. ಅದು ಬರೋದಾದ್ರೆ ಕೈ ಯಾಕೆ ಬರಬಾರ್ದು?”

ಮೇಡಂಗೆ ಫೋನ್ ಬಂತು. ಅವರು ಅದನ್ನೆತ್ತಿಕೊಂಡು ಆಚೆ ಹೋದರು.

ಶನಿವಾರ ಓನರ್ ಮೇಲಕ್ಕೆ ಕರೆಸಿದ. ಗಾಜಿನ ಕೋಣೆಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಕೂರು ಎಂದ. ಅವಳು ಕೂರಲಿಲ್ಲ. ಒದ್ದೆ ಏಪ್ರನ್ನಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ರೋಲರ್ ಮುಂದೆ ನಿಂತು ನಿಂತು ಕಾಲು ಊದಿರಬೇಕಲ್ವಾ?” ಎಂದ ಅವನು. “ಸೋಮವಾರದಿಂದ ನಿನ್ನನ್ನ ಪ್ಯಾಕಿಂಗಿಗೆ ಹಾಕ್ತೀನಿ. ಕೂತ್ಕೊಂಡು ಮಾಡೋ ಕೆಲಸ, ಫ್ಯಾನ್ ಕೆಳಗೆ.”

“ಹಾಡದಿದ್ರೆ?”

ಓನರ್ ನಕ್ಕ. “ಹಾಡದಿದ್ರೆ ಅನ್ನೋ ಮಾತು ಯಾಕೆ ಬರುತ್ತೆ? ನಿಂಗೆ ಕೆಲಸ ಬೇಡ್ವಾ?”

ಕೆಳಗೆ ಪೀಪಿ ಊದಿದ. ಎಂಟು ಪೆಡಲ್ ಒತ್ತಿದವು. ಗಾಜಿನ ಈಚೆಯಿಂದ ನೋಡಿದರೆ ಹೆಂಗಸರ ಕೈಗಳು ಕಾಣಿಸುತ್ತಲೇ ಇರಲಿಲ್ಲ, ಆವಿ ಮಾತ್ರ ಕಾಣುತ್ತಿತ್ತು.

ಸಂಜೆ ಮನೆಯಲ್ಲಿ ಅವಳು ಎಲ್ಲವನ್ನೂ ನಾದಿನಿಯ ಮುಂದೆ ಇಟ್ಟಳು. ಆಫೀಸರ್ ತಾಯಿಯ ಕೈ ಮೇಲೆ ಪದ್ಯ ಬರೆದ ಕವಿ ಎಂಬುದನ್ನೂ, ಫ್ಯಾನ್ ಕೆಳಗಿನ ಕೆಲಸವನ್ನೂ. ಮುಚ್ಚಿಟ್ಟರೆ ನಾಳೆ ಇನ್ನೊಬ್ಬರಿಂದ ತಿಳಿಯುತ್ತದೆ, ಅದು ಇನ್ನೂ ಕೆಟ್ಟದ್ದು.

“ನೀನು ಏನಂದೆ?”

“ಏನೂ ಅನ್ಲಿಲ್ಲ.”

“ಅಂದ್ರೆ ಹಾಡ್ತೀಯಾ.”

“ಹಾಡ್ತೀನಿ ಅಂದ್ನಾ ನಾನು?”

“ಹಾಡಲ್ಲ ಅಂತಾನೂ ಅನ್ಲಿಲ್ವಲ್ಲ!” ನಾದಿನಿಯ ದನಿ ಏರಿತು. “ನಿನ್ನ ಕಾಲಿಗೆ ಫ್ಯಾನ್ ಕೆಳಗೆ ಕುರ್ಚಿ. ಒಳ್ಳೇದು. ಆ ಕಾಲು ಕುರ್ಚಿ ಕೇಳೋ ಅಷ್ಟು ಕೆಲಸ ಮಾಡಿದೆ. ನನ್ನ ಬೆರಳ ಮೇಲೆ ಒತ್ತಿದ್ದು ಅದೇ ಅಲ್ವಾ?”

ಗಂಡ ಎದ್ದು ಹೊರಗೆ ಹೋದ. ಸೈರನಕ್ಕನ ಮುಖ ಕಪ್ಪಿಟ್ಟಿತು. ಮೂರು ತಿಂಗಳಿಂದ ಆ ಮಾತಿಗೆ ಅವಳು ಹೆದರಿ ಕಾದಿದ್ದಳು. ಬಂದೇಬಿಟ್ಟಿತು. ನಾದಿನಿ ಗೋಡೆ ಕಡೆ ತಿರುಗಿ ಮಲಗಿದಳು. ಅವತ್ತು ಮನೆಯಲ್ಲಿ ಒಲೆ ಹಚ್ಚಲಿಲ್ಲ.

ಭಾನುವಾರ ಸಂಜೆ ಹಾಲ್ ತುಂಬಿತ್ತು. ಲಾಂಡ್ರಿಯ ಹೆಂಗಸರನ್ನು ವ್ಯಾನಿನಲ್ಲಿ ತುಂಬಿಕೊಂಡು ಬಂದಿದ್ದರು. ಇಸ್ತ್ರಿ ಮಾಡಿದ ಯೂನಿಫಾರಂ ತೊಡಿಸಿ, ಹಿಂದಿನ ಎರಡು ಸಾಲಿನಲ್ಲಿ ಕೂರಿಸಿದ್ದರು. ಅವರ ಮುಂದೆ ಪೀಪಿ, ಕುರಿ ಕಾಯುವವನ ಹಾಗೆ ಆಗಾಗ ತಿರುಗಿ ನೋಡುತ್ತ. ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಸೈರನಕ್ಕನನ್ನು ಹೆಂಗಸರೂ ನೋಡುತ್ತಿದ್ದರು. ಒಬ್ಬಳೂ ಕೈ ಬೀಸಲಿಲ್ಲ. ಪ್ಯಾಕಿಂಗ್ ಕೆಲಸದ ಸುದ್ದಿ ಅವರಿಗೂ ಮುಟ್ಟಿತ್ತು.

ಟ್ಯಾಕ್ಸಿಯವನು ಓದಿದ. ರಸ್ತೆ ನನ್ನ ಗೆಳೆಯ ಎಂದು ಓದಿದ. ಅವನ ಮುಖ ನೋಡಿದರೆ ರಸ್ತೆಯ ಜೊತೆ ಅವನಿಗೆ ಹಾಗೇನೂ ಗೆಳೆತನ ಇದ್ದಂತಿರಲಿಲ್ಲ. ಅವನ ಪದ್ಯವನ್ನೂ ಯಾರೋ ತಿದ್ದಿರಬೇಕು. ದರ್ಜಿ ಓದಿದ. ನರ್ಸ್ ಓದಿದಳು, ಮಧ್ಯದಲ್ಲಿ ಒಂದು ಸಾಲು ಬಿಟ್ಟು ಮೇಡಂ ಕಡೆ ನೋಡಿ ಮುಂದಕ್ಕೆ ಹೋದಳು. ಆಫೀಸರ್ ತಾಯಿಯ ಕೈ ಓದಿ ಮೊದಲ ಸಾಲಿನಲ್ಲಿ ಓನರ್ ಪಕ್ಕ ಕೂತರು. ಓನರ್ ಅವರ ಕೈ ಹಿಡಿದುಕೊಂಡು ಬಹಳ ಹೊತ್ತು ಅಲ್ಲಾಡಿಸಿದ. ಎಲ್ಲದಕ್ಕೂ ಒಂದೇ ಅಳತೆಯ ಚಪ್ಪಾಳೆ.

ಅವಳ ಸರದಿ ಬಂತು. ನಾಟಕದ ಹುಡುಗಿ ಹಾಸಿನ ಒಂದು ತುದಿ ಹಿಡಿದಳು. ಇವಳು ಇನ್ನೊಂದು ತುದಿ ಹಿಡಿಯಲಿಲ್ಲ. ನೇರ ಮೈಕಿನ ಹತ್ತಿರ ಹೋದಳು.

“ನಾನು ಹಾಡಲ್ಲ” ಎಂದಳು.

ಮೇಡಂ ವೇದಿಕೆಯ ಅಂಚಿನಿಂದ, “ಹೆದರ್ಬೇಡಿ, ಒಂದೇ ಸಾಲು” ಎಂದು ಪಿಸುಗುಟ್ಟಿದರು.

“ಹೆದರಿಕೆ ಅಲ್ಲ ಮೇಡಂ. ಇದು ಹಾಡಲ್ಲ. ಕೈ ತಗೊಂಡ್ಯಾ ಅಂತ ಕೇಳೋ ಕೂಗು. ನಮ್ಮ ಕಾರ್ಖಾನೇಲಿ ಇದನ್ನ ಕೂಗೋಕೆ ಅಪ್ಪಣೆ ಇಲ್ಲ. ನಿಲ್ಸಿಬಿಟ್ಟಿದಾರೆ. ನಿಲ್ಸಿದ್ಮೇಲೆ ನಮ್ಮ ನಾದಿನಿ ಕೈ ಹೋಯ್ತು.”

ಮೊದಲ ಸಾಲಿನಲ್ಲಿ ಓನರ್ ಎದ್ದು ನಿಂತ. ಮುಖದ ತುಂಬ ನಗು. ಪಕ್ಕದವರ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, “ಯಾರಮ್ಮ ನಿಲ್ಸಿದ್ದು? ನಾನಂತೂ ನಿಲ್ಸಿಲ್ಲ. ನಮ್ಮಲ್ಲಿ ಹೆಂಗಸರು ದಿನಾ ಹಾಡ್ತಾರೆ ಸಾರ್. ಹಾಡ್ತಾ ಹಾಡ್ತಾ ಮೈಮೇಲೆ ಎಚ್ಚರಾನೇ ಇರಲ್ಲ. ಪಾಪ, ವೇದಿಕೆ ಹತ್ತಿದ್ದು ಮೊದಲ ಸಲ, ಗಾಬರಿಯಾಗಿದೆ. ಹಾಡಮ್ಮ, ಹಾಡು” ಎಂದ. ಆಫೀಸರ್ ಮುಗುಳ್ನಕ್ಕು ತಲೆಯಾಡಿಸಿದರು. ಸಭೆ ಅವಳನ್ನು ಹುರಿದುಂಬಿಸಲು ಚಪ್ಪಾಳೆ ತಟ್ಟಿತು.

ಇಷ್ಟು ಸುಲಭ ಅವರಿಗೆ. ಅವಳು ನಿಜ ಹೇಳಿದ್ದು ಗಾಬರಿಯಾಯಿತು, ಅವನು ಸುಳ್ಳು ಹೇಳಿದ್ದು ಮಾತಾಯಿತು. ಹಿಂದಿನ ಸಾಲಿನ ಹೆಂಗಸರು ನೆಲ ನೋಡುತ್ತಿದ್ದರು. ಅವರಿಗೂ ಮಕ್ಕಳು ಮರಿ ಇದ್ದವು. ಅವಳು ಅವರ ಮೇಲೆ ಸಿಟ್ಟಾಗಲಿಲ್ಲ.

ಆಗ ಅವಳ ಕಣ್ಣು ಬಾಗಿಲಿಗೆ ಹೋಯಿತು.

ಬಾಗಿಲಲ್ಲಿ ನಾದಿನಿ. ಅತ್ತಿಗೆ ಏನು ಮಾಡುತ್ತಾಳೋ ಕಣ್ಣಾರೆ ನೋಡಿಯೇ ತೀರಬೇಕೆಂದು ಬಂದಿದ್ದಳು. ನಂಬಿ ಬಂದವಳಲ್ಲ. ಯೂನಿಫಾರಂ ಇಲ್ಲದ, ಕರೆಯದೆ ಬಂದ ಹೆಂಗಸನ್ನು ವಾಚ್‌ಮ್ಯಾನ್ ಆಚೆ ತಳ್ಳುತ್ತಿದ್ದ. ಅವಳು ಜಗ್ಗದೆ, ಎಡಗೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ವಾಚ್‌ಮ್ಯಾನ್ ಭಾರದ ಬಾಗಿಲನ್ನು ಎರಡೂ ಕೈಯಲ್ಲಿ ಎಳೆದ. ಬಾಗಿಲು ಹೊರಟಿತು. ಬೆರಳುಗಳು ಚೌಕಟ್ಟಿನ ಮೇಲೇ ಇದ್ದವು.

ಸೈರನಕ್ಕ ಯೋಚಿಸಲಿಲ್ಲ.

“ಕೈ ಎಲ್ಲೇಏಏ?”

ಮೈಕ್ ಕಿರುಗುಟ್ಟಿತು. ಕಿಟಕಿ ಗಾಜು ಅದುರಿತು. ಮೊದಲ ಸಾಲಿನವರು ಕಿವಿ ಮುಚ್ಚಿಕೊಂಡರು. ನಾದಿನಿಯ ಕೈ ಅವಳ ಮನಸ್ಸಿಗೆ ಕಾಯದೆ ಹಿಂದಕ್ಕೆ ಬಂತು. ಬಾಯಿಯೂ ಕಾಯಲಿಲ್ಲ.

“ಕೈ ಇಲ್ಲೇ!”

ಬಾಗಿಲು ಧಡಾರೆಂದು ಚೌಕಟ್ಟಿಗೆ ಬಡಿದು, ಹಾಗೇ ಮರಳಿ ತೆರೆದುಕೊಂಡಿತು. ಹಿಂದಿನ ಎರಡು ಸಾಲಿನಲ್ಲಿದ್ದ ಹೆಂಗಸರೆಲ್ಲ ಎದ್ದು ನಿಂತಿದ್ದರು. ಎದೆಗೆ ಅವುಚಿಕೊಂಡ ಅವರ ಕೈಗಳು, ಅವರ ಗಂಟಲುಗಳು, ಎಲ್ಲವೂ ಒಟ್ಟಿಗೆ: “ಕೈ ಇಲ್ಲೇ!”

ಆ ಕೂಗು ಬಿದ್ದದ್ದೇ ಪೀಪಿ ಕುರ್ಚಿಯಿಂದ ಪುಟಿದೆದ್ದ. ತಾನು ಎಲ್ಲಿದ್ದೇನೆ ಎಂಬುದೇ ಅವನಿಗೆ ಮರೆತುಹೋಯಿತು. ಅಂಗಿಯೊಳಗೆ ಕೈ ಹಾಕಿ ವಿಷಲ್ ಎಳೆದು, ಕೆನ್ನೆ ಉಬ್ಬಿಸಿ ಊದಿದ. ಊದಿ, ಹೆಂಗಸರ ಕಡೆ ತಿರುಗಿ ಅಬ್ಬರಿಸಿದ.

“ಏಯ್, ಬಾಯ್ಮುಚ್ರೇ! ಕೂಗ್ಬೇಡಿ ಅಂತ ಎಷ್ಟು ಸಲ ಬಡ್ಕೋಬೇಕು ನಿಮಗೆ? ಓನರ್ ಏನ್ ಹೇಳಿದಾರೆ? ಕೈ ಇರ್ಲಿ ಕಾಲಿರ್ಲಿ, ಪೀಪಿ ಊದಿದ್ರೆ ಒತ್ತಬೇಕು, ಅಷ್ಟೇ!”

ಆಮೇಲೆ ಚಪ್ಪಾಳೆ. ಈ ಸಲ ಅಳತೆ ಮೀರಿ. ಜನ ಎದ್ದು ನಿಂತು ತಟ್ಟಿದರು. ಅದೂ ಪ್ರದರ್ಶನದ ಭಾಗವೆಂದು, ಸೂಪರ್‌ವೈಸರ್ ಪಾತ್ರದವನು ಬಹಳ ಚೆನ್ನಾಗಿ ಮಾಡಿದನೆಂದು ತಿಳಿದರು. ಯಾರೋ “ವಾಹ್” ಎಂದರು. ಪೀಪಿ ವಿಷಲನ್ನು ಕೈಯಲ್ಲಿ ಹಿಡಿದುಕೊಂಡೇ ಬೆವರುತ್ತಿದ್ದ.

“ಚಪ್ಪಾಳೆ ನಿಲ್ಸಿ!” ಎಂದು ಸೈರನಕ್ಕ ಗದರಿದಳು. “ನಿಲ್ಸೀರೋ ಇಲ್ವೋ? ಇದು ನಾಟಕ ಅಲ್ಲ. ಅವನು ನಿಜವಾಗ್ಲೂ ನಮ್ಮ ಸೂಪರ್‌ವೈಸರು. ಆ ವಿಷಲ್‌ಗೇ ಬೆರಳು ಹೋಗಿದ್ದು. ಆಫೀಸರ್ ಸಾರ್, ನೀವು ಕೇಳಿಸ್ಕೊಂಡ್ರಲ್ಲ?”

ಚಪ್ಪಾಳೆ ಅಲ್ಲೊಂದು ಇಲ್ಲೊಂದಾಗಿ ಸತ್ತಿತು. ಆಫೀಸರ್ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು.

“ನೋಡಮ್ಮ” ಎಂದರು, ಬಹಳ ಮೃದುವಾಗಿ. “ಇದು ಕವಿಗೋಷ್ಠಿ. ಕಚೇರಿಯಲ್ಲ. ಇವತ್ತು ನಾನು ಇಲ್ಲಿಗೆ ಕವಿಯಾಗಿ ಬಂದಿದೀನಿ.”

ನಾದಿನಿ ಅಷ್ಟರಲ್ಲಿ ನಡುವಿನ ದಾರಿಯಲ್ಲಿ ನಡೆದು ಬಂದಿದ್ದಳು. ವಾಚ್‌ಮ್ಯಾನ್ ಹಿಂದೆಯೇ ಬಂದ, ಮುಟ್ಟಲು ಧೈರ್ಯವಾಗದೆ ನಿಂತ. ಅವಳು ಆಫೀಸರ್ ಮುಂದೆ ನಿಂತು ಬಲಗೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಹಲ್ಲಿನಿಂದ ಗಂಟು ಕಚ್ಚಿ ಎಳೆದು ಬಿಚ್ಚಿದಳು.

“ಅಮ್ಮನ ಕೈ ಮೇಲೆ ಓದಿದ್ರಂತಲ್ಲ ಸಾರ್” ಎಂದಳು. “ಇದನ್ನೂ ನೋಡಿ. ಕವಿಯಾಗೇ ನೋಡಿ, ಪರವಾಗಿಲ್ಲ.”

ಕಂದು ಮಾಂಸ, ಹೊಳೆಯುವ ಚರ್ಮ, ಒಂದು ಹೆಬ್ಬೆರಳು. ಪಕ್ಕದ ಕುರ್ಚಿಯ ಹೆಂಗಸು ಮುಖ ತಿರುಗಿಸಿದಳು. ಆಫೀಸರಿಗೆ ತಿರುಗಿಸಲು ಜಾಗವಿರಲಿಲ್ಲ. ಒಂದು ಕಡೆ ಓನರ್, ಇನ್ನೊಂದು ಕಡೆ ನೂರಾರು ಕಣ್ಣು. ಕವಿತೆ ಮೇಡಂ ಮೈಕ್ ಆರಿಸಲೆಂದು ಸ್ವಿಚ್ಚಿನ ಹತ್ತಿರ ಹೋದವರು ಅಲ್ಲೇ ನಿಂತರು. ಕೈ ಸ್ವಿಚ್ಚಿನ ಮೇಲಿತ್ತು, ಒತ್ತಲಿಲ್ಲ. ಯಾಕೆ ಒತ್ತಲಿಲ್ಲವೋ ಅವರಿಗೇ ಗೊತ್ತು. ಸೈರನಕ್ಕ ಅವರ ಮೇಲೂ ಒಂದು ಕಣ್ಣಿಟ್ಟೇ ಇದ್ದಳು.

ಆಫೀಸರ್ ಎದ್ದರು. ಈಗ ಅವರ ದನಿಯಲ್ಲಿ ಕವಿ ಇರಲಿಲ್ಲ.

“ರೀ, ವಿಷಲ್ ಊದಿದೋರು. ನಿಮ್ಮ ಹೆಸರೇನು?”

ಪೀಪಿ ಓನರ್ ಕಡೆ ನೋಡಿದ. ಓನರ್ ವೇದಿಕೆಯ ದೀಪಗಳನ್ನು ನೋಡುತ್ತಿದ್ದ, ಆ ಮನುಷ್ಯನನ್ನು ಜನ್ಮದಲ್ಲೇ ಕಂಡಿಲ್ಲವೇನೋ ಎಂಬಂತೆ. ಬೆಳಿಗ್ಗೆವರೆಗೆ ತನ್ನ ಕಾರಿನ ಬಾಗಿಲು ತೆಗೆಯಿಸಿಕೊಂಡವನನ್ನು ಅರೆಗಳಿಗೆಯಲ್ಲಿ ಕೈಬಿಟ್ಟಿದ್ದ. “ಇವನು ಹೀಗೆಲ್ಲ ಮಾಡ್ತಿದ್ದ ಅಂತ ನನಗೆ ಗೊತ್ತೇ ಇರ್ಲಿಲ್ಲ ಸಾರ್” ಎಂದ. “ನಾಳೆಯಿಂದ ಇವನು ಕೆಲಸದಲ್ಲಿರಲ್ಲ.”

ಪೀಪಿ ವಿಷಲನ್ನು ಮತ್ತೆ ಅಂಗಿಯೊಳಗೆ ತುರುಕಿಕೊಂಡ. ಸೈರನಕ್ಕನಿಗೆ ಅವನ ಮೇಲೆ ಕನಿಕರ ಬರಲಿಲ್ಲ. ಆದರೆ ಲೆಕ್ಕ ಹೀಗೆ ಚುಕ್ತಾ ಆಗುವುದನ್ನು ಅವಳು ಬಿಡುವಂತಿರಲಿಲ್ಲ. ವಿಷಲ್ ಕೊಂಡು ಕೊಟ್ಟವನು ನಗುತ್ತ ಮನೆಗೆ ಹೋಗುತ್ತಾನೆ, ಊದಿದವನು ಬೀದಿಗೆ ಬೀಳುತ್ತಾನೆ, ಸೋಮವಾರ ಇನ್ನೊಬ್ಬನ ಕೊರಳಿಗೆ ಹೊಸ ವಿಷಲ್. ಇಷ್ಟೇ ಆಗುವುದಾದರೆ ಬೆರಳು ಹೋದದ್ದು ದಂಡ.

ಅವಳು ವೇದಿಕೆಯಿಂದ ಇಳಿದು ಬಂದು ನಾದಿನಿಯ ಪಕ್ಕ ನಿಂತಳು. ನಾದಿನಿ ಅವಳ ಕಡೆ ನೋಡಲಿಲ್ಲ, ದೂರವೂ ಸರಿಯಲಿಲ್ಲ.

“ಅವನೊಬ್ಬನ ಹೆಸರು ಬರ್ಕೊಂಡು ಮುಗಿಸ್ಬೇಡಿ ಸಾರ್” ಎಂದಳು ಸೈರನಕ್ಕ. ಕೆಲಸ ಹೋಯಿತೆಂದು ಅವಳಿಗೆ ಗೊತ್ತಿತ್ತು. “ಓನರ್ ಏನ್ ಹೇಳಿದಾರೆ ಅಂತ ಅವನೇ ಕೂಗಿದ್ನಲ್ಲ. ನೀವೂ ಕೇಳಿದೀರಿ, ಇಷ್ಟು ಜನಾನೂ ಕೇಳಿದಾರೆ. ಕೂಗು ನಿಲ್ಸು ಅಂತ ಅವನಿಗೆ ಹೇಳಿದೋರ ಹೆಸರು ಮೊದ್ಲು ಬರ್ಕೊಳ್ಳಿ.”

“ಯಾರು ಹೇಳಿದ್ದು?” ಎಂದರು ಆಫೀಸರ್. ಕೇಳಬಾರದಿತ್ತು ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು.

ಸೈರನಕ್ಕ ಕೈ ಎತ್ತಿ ಮೊದಲ ಸಾಲಿನ ನಡುವಿನ ಕುರ್ಚಿಯ ಕಡೆ ತೋರಿಸಿದಳು. ಹಿಂದೆ ಯೂನಿಫಾರಮ್ಮಿನ ಸಾಲಿನಲ್ಲಿ ಒಂದು ಕೈ ಎದ್ದಿತು. ಇನ್ನೊಂದು ಎದ್ದಿತು. ಅವಳ ಪಕ್ಕದಲ್ಲಿ ನಾದಿನಿ ತನ್ನ ಬಲಗೈ ಎತ್ತಿದಳು. ಅದರಲ್ಲಿ ತೋರುಬೆರಳು ಇರಲಿಲ್ಲ. ಅದು ಯಾರನ್ನು ತೋರಿಸುತ್ತಿದೆ ಎಂಬುದರಲ್ಲಿ ಆ ಹಾಲಿನಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ.